ದಿಣ್ಣೆಯ ಮೇಲಿನ ಟೀ ಅಂಗಡಿ

ಹೊಸೂರಿನಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ
ವೇಡಿಯಪ್ಪನ ಟೀ ಅಂಗಡಿಯ ತಗಡಿನ ಮಾಡಿದೆಯಲ್ಲ,
ಅದರ ನಡುನೆತ್ತಿಗೆ ಬಿದ್ದ ಮಳೆ
ಎರಡು ಕೆರೆಗೆ ಹೋಗುತ್ತದೆ.

ನನಗಿದು ಗೊತ್ತಾದದ್ದು ಮೊನ್ನೆ,
ಅಳತೆಕೋಲು ಹಿಡಿದು ನಿಂತ ಮುತ್ಯಾಲಮ್ಮನಿಂದ.
ಮೂರು ಕಾಲಿನ ಯಂತ್ರಕ್ಕೆ ಕಣ್ಣಿಟ್ಟು, ಅಂಕಿ ಗೀಚಿ,
ಮಧ್ಯಾಹ್ನದವರೆಗೆ ಬೆವೆತು ನಾನು ಹುಡುಕಿದ ಗೆರೆಯನ್ನು
ಅವಳು ಕುಡಿದುಳಿದ ಟೀ ಚೆಲ್ಲಿ ತೋರಿಸಿದಳು:
ಅರ್ಧ ಮೂಡಲಿಗೆ, ಅರ್ಧ ಪಡುವಲಿಗೆ.
"ಬರಕೊಳ್ಳಿ ಸಾರ್."

ಅವಳಪ್ಪ ನೀರಗಂಟಿ.
ಅಚ್ಚುಕಟ್ಟೆಲ್ಲ ಸೈಟಾದ ಮೇಲೆ
ನೀರಗಂಟಿಗೇನು ಕೆಲಸ?
ತೂಬಿನ ಬಿರಡೆ ಈಗ ಅವಳ ಮನೆಯಲ್ಲಿ
ಬಾಗಿಲು ಬಡಿಯದಂತೆ ಕೊಟ್ಟ ಕೊರಡು.
ಇವಳಿಗೆ ದಿನಗೂಲಿ. ತಮಿಳಿನಲ್ಲಿ ಸಹಿ,
ತೆಲುಗಿನಲ್ಲಿ ಬೈಗುಳ, ನನ್ನ ಜೊತೆ ಕನ್ನಡ.

ಆಫೀಸಿನ ನಕ್ಷೆಯಲ್ಲಿ ರಾಜ್ಯದ ಗಡಿ
ಹೆಬ್ಬೆರಳಷ್ಟು ದಪ್ಪ.
ನೀರಿನ ಗೆರೆಗೆ ಉಳಿದದ್ದು ಪೆನ್ಸಿಲ್ಲು.
ಮೇಲೆ ಪಿನಾಕಿನಿ, ಇಲ್ಲಿಳಿದರೆ ಪೆಣ್ಣೆಯಾರು;
ಹೆಸರು ಬದಲಾದದ್ದು ಹೊಳೆಗೆ ಯಾರೂ ಹೇಳಿಲ್ಲ.
ಮೇಲಿನ ಮಹಾನಗರ ಬಟ್ಟೆ ಒಗೆದರೆ
ನಮ್ಮ ಅಣೆಯ ಕೆಳಗೆ ನೊರೆ ಏಳುತ್ತದೆ,
ಗಾಳಿಗೆ ಹಾರಿ
ಗುಲಾಬಿ ತೋಟದ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ.
ಮಕ್ಕಳು ಅದನ್ನು ಮೋಡ ಎನ್ನುತ್ತವೆ.
ತಿದ್ದುವವರಿಲ್ಲ.

ಮೂವತ್ತು ವರ್ಷದ ಯೋಜನೆ.
ಹಸಿರು ಪೆನ್ಸಿಲ್ ಹಿಡಿದು ಕೂತಿದ್ದೇನೆ.
ಸಾಹೇಬರು ಹೇಳಿದ್ದು: ಸರ್ಕಲ್ಲಿಗೊಂದು ಕಾರಂಜಿ,
ಕೆರೆ ಏರಿಯ ಮೇಲೆ ಓಡಾಡಲು ಟೈಲ್ಸು,
ಹುಲ್ಲು, ಚಾಪೆಯ ಹಾಗೆ ಸುತ್ತಿ ತರುವಂಥದ್ದು.
"ಹಸಿರು ಕಾಣಬೇಕು ರೀ, ಕಾಣಬೇಕು."

ಮುತ್ಯಾಲಮ್ಮ ಇಣುಕಿದಳು.
"ಕಾಣಕ್ಕೇನು ಸಾರ್, ಪಾಚೀನೂ ಹಸುರೇ."
ಆಮೇಲೆ ಬೆರಳಿಟ್ಟಳು:
ಬಸ್ ಡಿಪೋ ಹಿಂದಿನ ಜೊಂಡಿನ ತಗ್ಗು,
ಯಾರೂ ಕೊಳ್ಳದ್ದು, ಎಲ್ಲರೂ ಕಸ ಸುರಿಯುವುದು;
ಫ್ಯಾಕ್ಟರಿ ಗೋಡೆಯ ಬುಡದಲ್ಲಿ ಸಿಕ್ಕಿಬಿದ್ದ ಕಾಲುವೆ;
ಹೊಂಗೆಯ ಗುಂಡುತೋಪು, ಈಗ ಲಾರಿ ನಿಲ್ಲುವ ಜಾಗ.
"ಇಲ್ಲೆಲ್ಲ ನೀರು ಒಸಿ ಹೊತ್ತು ಕೂತು
ಎಲೆಅಡಿಕೆ ಹಾಕ್ಕೊಂಡು ಹೋಗ್ತಿತ್ತು.
ಈಗ ಕೂರಕ್ಕೆ ಜಗಲಿ ಇಲ್ಲ.
ಅದಕ್ಕೇ ಮನೆಯೊಳಕ್ಕೆ ನುಗ್ತದೆ."

ಮೂರಕ್ಕೂ ಹಸಿರು ಬಳಿದೆ. ಪೆನ್ಸಿಲ್ ಮೊಂಡಾಯಿತು.
ಮೀಟಿಂಗಿನಲ್ಲಿ ಲಾರಿ ಜಾಗ ಅಳಿಸಿದರು,
ಕಾಲುವೆಗೆ "ನೋಡೋಣ" ಎಂದರು.
ಜೊಂಡಿನ ತಗ್ಗು ಉಳಿಯಿತು,
ಬಹುಶಃ ಕಣ್ಣಿಗೆ ಬೀಳದೆ.

ಆವತ್ತು ಸಂಜೆ ಮಳೆ.
ವೇಡಿಯಪ್ಪನ ಸೂರಿನಡಿ ನಿಂತೆ.
ಮೂಡಲ ಕಡೆ ಒಂದು ಕೊಡ ಇಟ್ಟಿದ್ದ,
ತುಂಬಿ ಹೊರಗೆ ಚೆಲ್ಲುತ್ತಿತ್ತು.
ಪಡುವಲಿಗೂ ಒಂದಿಡಬಾರದೇನಯ್ಯ, ಅಂದೆ.
ಗ್ಲಾಸು ತೊಳೆಯುತ್ತ, ತಲೆ ಎತ್ತದೆ ಅಂದ:
"ಆ ಕಡೇದು ಕೆಳಗಿನೋರದು ಸಾರ್.
ಅವ್ರಿಗೂ ಸಿಗಲಿ ಬಿಡಿ."