ಎರಡು ಗಂಟೆಯ ಸೈರನ್ನು

ನಾಲ್ಕು ದೇಶದ ಅಧಿಕಾರಿಗಳು ಬಂದಿದ್ದರು ಸಂಡೂರಿಗೆ.
ತೋರಣಗಲ್ಲಿನಿಂದ ಎರಡು ಬಸ್ಸು, ಮುಂದೊಂದು ಜೀಪು,
ಜೀಪಿನಲ್ಲಿ ನಾನು, ಹವಾಲ್ದಾರ್ ಗಾದಿಲಿಂಗಪ್ಪ,
ಗಿಡ ನೆಡುವ ಪಲ್ಟನ್ನಿನವನು,
ಇವತ್ತಿನ ಮಟ್ಟಿಗೆ ದುಭಾಷಿ.

ಸಮವಸ್ತ್ರಗಳಲ್ಲಿ ಅವರವರ ಕಾಡಿನ ಹಸಿರು,
ಮಂಗೋಲಿಯಾದವನದು ಮಾತ್ರ ಮರಳಿನ ಬಣ್ಣ.
ಬಸ್ಸಿಳಿದು ಅರ್ಧ ತಾಸಿಗೆ ಎಲ್ಲರದೂ ಒಂದೇ ಕೆಂಪು.
ನಮ್ಮ ಧೂಳು ರ‍್ಯಾಂಕು ನೋಡುವುದಿಲ್ಲ.

ಕರ್ನಲ್ ಸಾಹೇಬರು ಕೋಲು ಹಿಡಿದು ನಕ್ಷೆ ತೋರಿಸಿದರು:
ಇದು ಗಣಿ, ಇದು ಗಣಿ ಉಗುಳಿದ ಮಣ್ಣಿನ ದಿಬ್ಬ,
ಮಳೆ ಬಂದರೆ ಇದೇ ದಾರಿಯಲ್ಲಿ ಕೆಂಪಾಗಿ ಕೆರೆಗೆ.
ಭದ್ರತೆ ಅಂದರು, ಸಹಕಾರ ಅಂದರು.
ಎರಡನ್ನೂ ಕನ್ನಡಕ್ಕೆ ತಂದೆ, ಸುಲಭ;
ಗಮ್ಲಿಬಾಯಿಗೆ ತಲುಪಿಸುವುದೇ ಕಷ್ಟ.

ಗಮ್ಲಿಬಾಯಿ ನಮ್ಮ ನರ್ಸರಿಯ ಮೇಸ್ತ್ರಿ, ತಾಂಡಾದವಳು.
ಒಂದು ಕಾಲಕ್ಕೆ ಇದೇ ಗುಡ್ಡದ ಮೇಲೆ
ಬುಟ್ಟಿಗಿಷ್ಟು ಅಂತ ಅದಿರು ಒಡೆದವಳು.
ಈಗ ಕಮರದ ಬೀಜವನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಸತ್ತದ್ದು ಯಾವುದು, ಇದ್ದದ್ದು ಯಾವುದು ಹೇಳುತ್ತಾಳೆ.

'ಎಲ್ಲಿಂದ ಬಂದಾರ ಇವರು?'
ಘಾನಾ, ಚಿಲಿ, ಮಂಗೋಲಿಯಾ, ಆಮೇಲೆ ಆ ಎತ್ತರದವರು ನಾರ್ವೆ.
'ಹಡಗಿನ್ಯಾಗ ಹೋತಲ್ಲ ನಮ್ಮ ಗುಡ್ಡ,
ಅದೇ ಊರುಗಳೇನು? ವಾಪಸ್ ತಂದಾರೇನು, ಕೇಳು.'
ಕೇಳಲಿಲ್ಲ.
ಸ್ವಾಗತ ಹೇಳುತ್ತಿದ್ದಾಳೆ ಸರ್, ಅಂದೆ.

ನನ್ನ ಕಥೆ ಕೇಳಿದರು, ಹೇಳಿದೆ:
ನೀಲಿ ಟೊಪ್ಪಿಗೆ ಹಾಕಿ ನೈಲ್ ದಂಡೆಯಲ್ಲಿ ಹದಿಮೂರು ತಿಂಗಳು.
ಸೌದೆಗೆ ಬೇಲಿ ದಾಟುವ ಹೆಂಗಸರಿಗೆ ಕಾವಲು ನಮ್ಮ ಕೆಲಸ.
ಮೊದಲ ವಾರ ಅರ್ಧ ಮೈಲಿ ನಡೆದಿದ್ದೆವು,
ಬಿಟ್ಟು ಬರುವಾಗ ಆರು.
ಸರಿದದ್ದು ಯುದ್ಧವಲ್ಲ,
ಮರ.
ಘಾನಾದ ಮೇಜರ್ ಎಫುವಾ ತಲೆಯಾಡಿಸಿದಳು.
ಅವಳೂ ನಡೆದಿದ್ದಳಂತೆ, ಬೇರೆ ದೇಶ, ಅಷ್ಟೇ ಮೈಲಿ.

ನೆಡುವುದು ಶುರುವಾಯಿತು.
ಒಂದೂವರೆ ಅಡಿ ಗುಂಡಿ, ಸುತ್ತ ಲಾವಂಚ, ನಡುವೆ ಹೊಂಗೆ.
ಬಂಕರು ತೋಡಿದ ತೋಳುಗಳು, ಗುಂಡಿ ಚಂದ ಬಂತು.

ಎದುರು ಗುಡ್ಡದ ಗಣಿ ಇನ್ನೂ ನಡೆದಿದೆ.
ಎರಡಕ್ಕೆ ಸೈರನ್ನು, ಐದು ನಿಮಿಷ ಬಿಟ್ಟು ಸಿಡಿತ.
ಮೊದಲೇ ಹೇಳು ಅಂತ ನನ್ನ ಚೀಟಿಯಲ್ಲಿ ಬರೆದಿತ್ತು.
ಮರೆತೆ.

ಚಿಲಿಯ ಕ್ಯಾಪ್ಟನ್ ಬಸ್ಸಿನ ಕೆಳಗೆ,
ಮಂಗೋಲಿಯಾದವನು ನೀರಿನ ಟ್ಯಾಂಕರಿನ ಮರೆಗೆ,
ಮೇಜರ್ ಎಫುವಾ ಸಸಿಯ ಮೇಲೆಯೇ ಅಂಗಾತ ಅಲ್ಲ, ಬೋರಲು,
ಎರಡೂ ಕೈ ತಲೆಯ ಮೇಲೆ.
ನಾನೂ.
ನನ್ನ ಮನೆ ಇಲ್ಲಿಂದ ಒಂಬತ್ತು ಮೈಲಿ,
ತೊಟ್ಟಿಲಲ್ಲೇ ಕೇಳಿದ ಸದ್ದು,
ಆದರೂ ಮೊಣಕಾಲು ಮಣ್ಣಿಗೆ ಇಳಿದಿತ್ತು.

ನಿಂತೇ ಇದ್ದವರು ಪಾಕೀಟಿಗೆ ಗೊಬ್ಬರ ತುಂಬುವ ಹೆಂಗಸರು,
ಒಂದು ಮೇಕೆ.

ಗಮ್ಲಿಬಾಯಿ ನಕ್ಕಳು. ಆಮೇಲೆ ನೋಡಿದಳು.
ಬಂದು ಮೇಜರಳ ರಟ್ಟೆ ಹಿಡಿದು ಎಬ್ಬಿಸಿದಳು,
ತಾಂಡಾದ ಮಾತಿನಲ್ಲಿ ಏನೋ ಹೇಳಿದಳು,
ಅವಳು ಇಂಗ್ಲಿಷ್ ಬಿಟ್ಟು ತನ್ನ ತಾಯಿಮಾತಿನಲ್ಲಿ ಏನೋ ಅಂದಳು.
ಎರಡೂ ನನಗೆ ಬರುವುದಿಲ್ಲ.
ದುಭಾಷಿ ಗುದ್ದಲಿ ಹಿಡಿದು ಸುಮ್ಮನೆ ನಿಂತ.

ಸಸಿಯ ಕತ್ತು ಮುರಿದಿತ್ತು.
'ಇದು ಹತ್ತಂಗಿಲ್ಲ' ಅಂತ ಗಮ್ಲಿಬಾಯಿ ಕಿತ್ತು ಎಸೆದಳು,
ಅದೇ ಗುಂಡಿಗೆ ಇನ್ನೊಂದು ಕೊಟ್ಟಳು.

ಸಂಜೆ ಬಸ್ಸು ಹತ್ತುವ ಮುಂಚೆ ಎಲ್ಲರೂ ಸಾಲಾಗಿ ನಿಂತು
ಬ್ರಷ್ಷು ಹಿಡಿದು ಬೂಟು ತೊಳೆದರು, ಅಟ್ಟೆಯ ಸಂದು ಸಮೇತ.
ಯಾಕಂತೆ, ಕೇಳಿದಳು.
ನಿಯಮ, ಅಂದೆ. ಹುಳ, ರೋಗ, ಕಳೆಯ ಬೀಜ ಇರುತ್ತವಲ್ಲ,
ಒಂದು ದೇಶದ ಮಣ್ಣು ಇನ್ನೊಂದು ದೇಶಕ್ಕೆ ಹೋಗಬಾರದು.

ಗಮ್ಲಿಬಾಯಿ ಎದುರು ಗುಡ್ಡ ನೋಡಿದಳು,
ಅರ್ಧ ಉಳಿದ ಗುಡ್ಡ.
'ಈಗ ಬಂತೇನು, ಆ ನಿಯಮ?'

ಮೇಜರ್ ಎಫುವಾ ನನ್ನ ಮುಖ ನೋಡುತ್ತಿದ್ದಳು, ಅರ್ಥ ಹೇಳಲಿ ಅಂತ.
ಈ ಸಲ ಹೇಳಿದೆ,
ಒಂದಕ್ಷರ ಬಿಡದೆ.
ತೊಳೆದ ಕೆಂಪು ನೀರು ಇಳಿಜಾರು ಹುಡುಕುತ್ತಿತ್ತು.