ಕಪ್ಪು ಎರಡು

ಹಾಸನ, ಸಾಲಗಾಮೆ ರಸ್ತೆಯ ಶಾಲೆ,
ಸಂಗೀತ ಶಿಕ್ಷಕರ ಸಮಾವೇಶದ ಎರಡನೇ ದಿನ.
ಊಟ ಆಗಿದೆ. ಬಿಸಿಬೇಳೆಬಾತಿನ ಮೇಲೆ ಮಜ್ಜಿಗೆ.
ಓಓಡಿ ಚೀಟಿಗೆ ಸಹಿ ಬೀಳುವುದು ನಾಲ್ಕೂವರೆಗೆ,
ಹಾಗಾಗಿ ಯಾರೂ ಎದ್ದು ಹೋಗಿಲ್ಲ.
ಜಾವಗಲ್ಲಿನ ನಾನು, ನುಗ್ಗೇಹಳ್ಳಿಯ ಮೃದಂಗದ ಗವಿರಂಗಯ್ಯ,
ಮುಂದಿನ ಸಾಲಲ್ಲಿ ವೀಣೆಯ ಅಂಬುಜಾಕ್ಷಿ ಮೇಡಂ,
ಕಾಲ ಬಳಿ ಅವರ ಕೈಚೀಲ.

ವೇದಿಕೆಯ ಮೇಲೆ ಪಿಯಾನೊ.
ಚಿಕ್ಕಮಗಳೂರಿನ ಯಾವುದೋ ಕ್ಲಬ್ಬಿನದಂತೆ,
ಇಸ್ಪೀಟು ಮೇಜಿನ ಪಕ್ಕ ಎಷ್ಟೋ ವರ್ಷ
ಗ್ಲಾಸಿಡುವುದಕ್ಕೆ ಮಾತ್ರ ಆಗಿತ್ತಂತೆ.
ಕಾಫಿ ಮೂಟೆಯ ಲಾರಿಯಲ್ಲಿ ಗೋಣಿ ಹೊದ್ದು ಬಂದಿದೆ.
ಬೇಲೂರು ದಾಟಿದ ಮೇಲೆ ಯಾವ ಹಂಪಿನಲ್ಲೋ
ಒಂದು ಮನೆ ಸತ್ತಿದೆ,
ನಟ್ಟನಡುವಿನದೇ,
ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಎರಡು.
ಒತ್ತಿದರೆ ಬರೀ ಮರ ಟಕ್ಕೆನ್ನುತ್ತದೆ,
ಹಾಜರಿ ಕೂಗಿದಾಗ ಬಾರದ ಹುಡುಗನ ಬೆಂಚನ್ನು
ಪಕ್ಕದವನು ಕುಟ್ಟಿದ ಹಾಗೆ.

ಕಾನ್ವೆಂಟಿನಿಂದ ನಿವೃತ್ತರಾದ ಗಿಲ್ಬರ್ಟ್ ಲಸ್ರಾದೊ,
ಅವರ ಹಳೇ ಶಿಷ್ಯೆ ಚೊಂದಮ್ಮ,
ಒಂದೇ ಬೆಂಚು, ನಾಲ್ಕು ಕೈ.
‘ಇದು ಜಾಝ್’ ಅಂದರು ಲಸ್ರಾದೊ,
ಮೈಕಿಗಲ್ಲ, ತಮ್ಮ ಮೊಣಕಾಲಿಗೆ ಹೇಳಿದಂತೆ.
‘ಯಾರ ರಚನೆ ಸಾರ್?’ ಹಿಂದಿನ ಸಾಲಿನಿಂದ ಯಾರೋ.
‘ಮುಗಿದ ಮೇಲೆ ಹೇಳ್ತೀವಿ’ ಅಂದಳು ಚೊಂದಮ್ಮ.

ಶುರುವಾಯಿತು.
ಗವಿರಂಗಯ್ಯನ ಅಂಗೈ ತೊಡೆಯ ಮೇಲೆ ಆದಿತಾಳ ಹಾಕಿತು.
ನಾಲ್ಕು ಸರಿ, ಮತ್ತೆ ನಾಲ್ಕು ಸರಿ,
ಒತ್ತು ಮಾತ್ರ ಇರಬೇಕಾದ ಕಡೆ ಇಲ್ಲ.
ಕದ ತಟ್ಟಿ ಓಡುವ ತುಂಟರು ಇವರು,
ಇವನು ತೆರೆದಾಗಲೆಲ್ಲ ಹೊಸ್ತಿಲು ಖಾಲಿ.
‘ಅತೀತವೋ ಅನಾಗತವೋ, ಸಮ ಎಲ್ಲಿ ಮಾರಾಯಾ?’
ನನಗೇನು ಗೊತ್ತು, ನಾನು ಸರಳೆ ವರಸೆಯವಳು.

ಲಸ್ರಾದೊ ಅವರ ಉಂಗುರದ ಬೆರಳು
ಹಳೇ ರೂಢಿಯಂತೆ ಸತ್ತ ಮನೆಗೇ ಹೋಗುತ್ತಿತ್ತು.
ಟಕ್.
ಮತ್ತೆ ಟಕ್.
ಹಿಂದೆ ಯಾರೋ ಕಿಸಕ್ಕೆಂದರು.
ನಾಲ್ಕು ಕೈಗಳೂ ನಿಂತವು.

ಆಗ ಕೇಳಿಸಿತು.
ಸಾಲುಗಳ ನಡುವೆ, ನೆಲಮಟ್ಟದಲ್ಲಿ,
ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ.
ಬೆಳಗಿನ ಗೋಷ್ಠಿಯಲ್ಲಿ ಹಾಕಿದ ಶ್ರುತಿಪೆಟ್ಟಿಗೆ,
ಆರಿಸಲು ಮರೆತಿದ್ದರು ಅಂಬುಜಾಕ್ಷಿ ಮೇಡಂ.
ವೀಣೆಯ ಶ್ರುತಿ. ಕಪ್ಪು ಎರಡು.

ಮೇಡಂ ಕೆಂಪಾಗಿ ಬಗ್ಗಿದರು, ಚೀಲದ ಜಿಪ್ಪು ಕಚ್ಚಿಕೊಂಡಿತ್ತು.
‘ಬಿಡಿ, ಬಿಡಿ’ ಲಸ್ರಾದೊ ಎದ್ದೇ ನಿಂತರು,
‘ಬಂದ ನೋಡಿ ಅವನು.’
ಚೊಂದಮ್ಮ ಇಳಿದು ಬಂದು,
ಬಿಸಿ ಪಾತ್ರೆಯಂತೆ ಎರಡೂ ಕೈಯಲ್ಲಿ ಚೀಲ ಹಿಡಿದು,
ಪಿಯಾನೊ ತಲೆಯ ಮೇಲಿಟ್ಟು ಮೈಕನ್ನು ಅತ್ತ ತಿರುಗಿಸಿದಳು.
ಒಳಗೆ ಟಿಫಿನ್ ಡಬ್ಬಿ, ಬಿಪಿ ಮಾತ್ರೆ,
ಮನೆಯ ಬೀಗದ ಕೈ ಗೊಂಚಲು.

ಆಮೇಲಿನದನ್ನು ಸ್ವರ ಹಾಕಿ ಬರೆಯಲು ಕೂತೆ, ಆಗಲಿಲ್ಲ.
ಕೆಳಗಿನ ಮನೆಗಳಲ್ಲಿ ಚೊಂದಮ್ಮ ಎಡಗೈ ಬಿಟ್ಟಾಗಲೆಲ್ಲ
ಬೀಗದ ಕೈಗಳು ಝಲ್ಲೆಂದವು.
ಲಸ್ರಾದೊ ಆ ಒಂದು ಮನೆಯ ಸುತ್ತ ಓಡಾಡಿದರು,
ಅಂಗಳ, ಹಿತ್ತಿಲು, ಪಕ್ಕದ ಓಣಿ,
ಒಳಗೆ ಯಾರೋ ಮಾತಾಡುತ್ತಿದ್ದಾರೆಂದು ಬಾಗಿಲಲ್ಲೇ ನಿಂತರು.

ಪೆಟ್ಟಿಗೆಯ ಸೆಲ್ಲು ಹಳೆಯದು.
ಸ್ವರ ಕೂದಲೆಳೆಯಷ್ಟು ಜಾರಿತು, ಇನ್ನೊಂದೆಳೆ ಜಾರಿತು.
ಪಿಯಾನೊಗೆ ಬಗ್ಗಲು ಬಾರದು; ಪೆಟ್ಟಿಗೆ ಬಗ್ಗಿತು.
‘ಶ್ರುತಿ ಇಳೀತು, ಶ್ರುತಿ ಇಳೀತು’ ಎಂದು
ಮೂವತ್ತನಾಲ್ಕು ವರ್ಷ ಮಕ್ಕಳನ್ನು ತಿದ್ದಿದ ಮೇಡಂ
ಗದರಲು ಕೈ ಎತ್ತಿದರು.
ಎತ್ತಿದ ಕೈ ಹಾಗೇ ಇತ್ತು.

ಕೊನೆಗೆ ಪೆಟ್ಟಿಗೆ ಆರಿತು.
ಉಂಗುರದ ಬೆರಳು ಮತ್ತೊಮ್ಮೆ ಅಲ್ಲಿಗೇ ಹೋಯಿತು:
ಟಕ್.
ಸರಿಯಾಗಿ ಅದರ ಮೇಲೆಯೇ
ಗವಿರಂಗಯ್ಯನ ಅಂಗೈ ತೊಡೆಗೆ ಬಿತ್ತು.
‘ಇಲ್ಲಿತ್ತಲ್ಲ ಇದು’ ಅಂದ, ಬೈಯುವವನಂತೆ.

ಯಾರ ರಚನೆ ಎಂದು ಯಾರೂ ಮತ್ತೆ ಕೇಳಲಿಲ್ಲ.
ಓಓಡಿ ಚೀಟಿಯಲ್ಲಿ ‘ಕಲಿತ ಅಂಶ’ ಎಂದೊಂದು ಖಾನೆ.
ಗವಿರಂಗಯ್ಯ ನನ್ನದನ್ನು ನೋಡಿ ಬರೆಯಲು ಬಗ್ಗಿದ,
ನಾನು ಅವನದನ್ನು.

ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ
ಅಂಬುಜಾಕ್ಷಿ ಮೇಡಂ ಎರಡು ಸೆಲ್ಲು ಕೊಂಡರು,
ಕೈಯಲ್ಲಿ ಹಿಡಿದೇ ಅರಸೀಕೆರೆ ಬಸ್ಸು ಹತ್ತಿದರು.
‘ಹಾಕಿದರೆ ಮತ್ತೆ ಸರಿಯಾಗಿಬಿಡುತ್ತೆ ಕಣೇ’ ಅಂದರು,
ಕಿಟಕಿಯಿಂದ.