ಮಡಚಿದ ಅಂಚು

ರೂವಿಯ ಹೊಲಿಗೆ ಅಂಗಡಿ, ರಾತ್ರಿ ಒಂಬತ್ತೂವರೆ.
ಮೇಜಿನ ಮೇಲೆ ದಿಶ್‌ದಾಶಾದ ಬಿಳಿ ಬಟ್ಟೆ,
ಅದರ ಮೇಲೆ ರುಮೈಝಾಳ ಫ್ರೆಂಚ್ ಪುಸ್ತಕ.
ನಾಳೆ ಪರೀಕ್ಷೆ.

'ಇಲ್ ಪಾರ್ಲ್', ಅವನು ಮಾತಾಡ್ತಾನೆ.
'ಇಲ್ ಪಾರ್ಲ್', ಅವರು ಮಾತಾಡ್ತಾರೆ.
ಎರಡೂ ಒಂದೇ ಅಲ್ವಾ?
ಅಲ್ಲ ಅಬ್ಬಾ,
ಬರೆಯುವಾಗ ಮೂರಕ್ಷರ ಹೆಚ್ಚು,
ಓದುವಾಗ ನುಂಗಬೇಕು.

ನಮ್ಮಲ್ಲಿ ಹಾಗಲ್ಲ ಅಂದೆ.
ಒಂದು 'ನೆ', ಒಂದು 'ರೆ', ಅಷ್ಟರಲ್ಲೇ ತಲೆ ಎಣಿಸಬಹುದು.
ಅಂದ ಮೇಲೆ ಹೊಳೆಯಿತು:
ಅರ್ಬಾಬ್ ಒಬ್ಬರೇ ಬಂದರೂ 'ಬಂದರು'.
ಮೊಂತು, ಫಝ್ಲು, ನಾನು, ಮೊನ್ನೆ ಸೇರಿದ ಹುಡುಗ,
ನಾಲ್ಕು ಮಿಶನ್ನು, ಎಂಟು ಕಾಲು,
ಹಾಜರಿ ಪುಸ್ತಕದಲ್ಲಿದ್ದೇವೆ,
ಸದ್ದಿನಲ್ಲಿಲ್ಲ.

ಆಮೇಲೆ ಪದ ಒಡೆಯುವ ಲೆಕ್ಕ.
'ಪತ್ರೋಂ': ಪ, ತ್ರೋಂ. ಗೀಟು ತಕಾರದ ಮೊದಲೇ.
ನನ್ನ ಬಾಯಿಗೆ ಬಂದದ್ದು ಪತ್, ರೋಂ;
ಒತ್ತಕ್ಷರದ ಹಿಂದಿನದು ಗುರು ಎಂದ
ಮೇಷ್ಟ್ರ ಬೆತ್ತ ಇನ್ನೂ ಬೆರಳಿನಲ್ಲಿದೆ.
ಅರ್ಥ? ಯಜಮಾನ, ಅಂದಳು.
ಪುಟ ಮಗುಚಿ, ಇನ್ನೊಂದೂ ಇದೆ ಅಬ್ಬಾ,
ಬಟ್ಟೆ ಕತ್ತರಿಸುವ ಅಳತೆಕಾಗದ.
ಮೊಳೆಗೆ ತೂಗುತ್ತಿದ್ದ ಕಂದು ಕಾಗದಗಳನ್ನು
ಇಬ್ಬರೂ ನೋಡಿದೆವು. ನಗು ತಡೆಯಲಾಗಲಿಲ್ಲ.

ಮುಂದೆ ಸ್ವರ ಬಂದರೆ ಮಾತ್ರ
ಆ ಮೂಕ 'ಎಸ್' ಏಳುತ್ತದಂತೆ:
'ಇಲ್ ಝೆಮ್', ಅವರು ಪ್ರೀತಿಸುತ್ತಾರೆ.
ಅಲ್ಲಿವರೆಗೆ ಬಾಯಿ ಮುಚ್ಚಿ ಕೂತಿರುತ್ತದೆ.

ಹೇಳುತ್ತಾ ಹೇಳುತ್ತಾ ಬಟ್ಟೆಯ ಮೇಲೇ ನಿದ್ದೆಹೋದಳು.
ಅವಳ ಯೂನಿಫಾರ್ಮ್ ಲಂಗ ಗಿಡ್ಡವಾಗಿದೆ.
ಅಂಚಿನ ಹೊಲಿಗೆ ಬಿಚ್ಚಿದೆ.
ಹೋದ ವರ್ಷ ಒಳಗೆ ಮಡಚಿಟ್ಟ ಎರಡಿಂಚು
ಬಣ್ಣ ಮಾಸದೆ
ಹಾಗೇ ಇತ್ತು.